ರಸ್ತೆಯ ಎಡಭಾಗದಲ್ಲಿ ಸೆಕೆ ಇಲ್ಲ

ನಮ್ಮ ಊರಿನಲ್ಲಿ ದಿನಾ ಎಷ್ಟು ಸೆಕೆ ಇದೆ ಎಂದು ಬರೆದುಕೊಂಡು ಬರುವವಳು ನಾನು. ಸೂರ್ಯನದೂ ಇದರಲ್ಲಿ ಏನೋ ಸ್ವಲ್ಪ ಪಾತ್ರ ಇರಬಹುದು, ಆದರೆ ಕಚೇರಿಯಲ್ಲಿ ಅವನ ಸಹಿ ನಡೆಯುವುದಿಲ್ಲ, ನನ್ನದು ನಡೆಯುತ್ತದೆ.

ಹವಾಮಾನ ಕಚೇರಿಯಲ್ಲಿ ನನ್ನದು ಅಭಿಪ್ರಾಯ ಬರೆದುಕೊಳ್ಳುವ ಕೆಲಸ. ಹತ್ತೊಂಬತ್ತು ವರ್ಷವಾಯಿತು. ಅದಕ್ಕೆ ಮೊದಲು ಕಚೇರಿಯ ಅಂಗಳದಲ್ಲಿ ಒಂದು ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ನೇತುಹಾಕಿದ್ದರು. ಅದು ಹೇಳಿದ್ದನ್ನೇ ಊರಿಗೆಲ್ಲ ಸಾರುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅದು ಮೇಲೆ ಮೇಲೆ ಹೋಗುತ್ತಿದ್ದ ಹಾಗೆ ಜನರಿಗೆ ಅದರ ಮೇಲೆ ಸಿಟ್ಟು ಹತ್ತಿತು. ಒಂದು ದಿನವಾದರೂ ನಮ್ಮ ಬೀದಿಗೆ ಬಂದು ನೋಡಿದೆಯೇ ಅದು, ಕೂತಲ್ಲೇ ಕೂತು ಊರಿನ ಮರ್ಯಾದೆ ತೆಗೆಯುತ್ತಿದೆ ಎಂದು ಕೂಗಾಡಿದರು. ಕೊನೆಗೆ ಸಭೆ ಕರೆದರು. ಒಬ್ಬರು ಎದ್ದುನಿಂತು ಭೂಮಿಯೇ ಬಿಸಿಯಾಗುತ್ತಿದೆ ಎಂದರು. ಇನ್ನೊಬ್ಬರು ನಮ್ಮ ಮುತ್ತಜ್ಜನ ಕಾಲದಲ್ಲೂ ಹೀಗೇ ಇತ್ತು ಎಂದರು. ಮೂರನೆಯವರು, ಬಿಸಿಯಾಗುತ್ತಿರುವುದು ಹೌದು, ಆದರೆ ಇಲ್ಲಲ್ಲ, ಬೇರೆ ಕಡೆ ಎಂದರು. ಮೂರನೆಯವರಿಗೆ ಬಿದ್ದ ಚಪ್ಪಾಳೆ ಇನ್ನಿಬ್ಬರಿಗೆ ಬೀಳಲಿಲ್ಲ. ಆ ಚಪ್ಪಾಳೆಯ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ಕೆಲಸ.

ಅಂದಿನಿಂದ ಸೆಕೆಯನ್ನು ಅಳೆಯುವುದಿಲ್ಲ, ಕೇಳುತ್ತೇವೆ. ಒಂದೊಂದು ವಾರ್ಡಿನಲ್ಲಿ ಇಪ್ಪತ್ತೈದು ಮನೆ. ಪ್ರಶ್ನೆ ಒಂದೇ, ಉತ್ತರ ಐದು. ತಣ್ಣಗಿದೆ ಎಂದರೆ ಇಪ್ಪತ್ತೆರಡು ಡಿಗ್ರಿ, ಹಿತವಾಗಿದೆ ಎಂದರೆ ಇಪ್ಪತ್ತೆಂಟು, ಪರವಾಗಿಲ್ಲ ಎಂದರೆ ಮೂವತ್ತನಾಲ್ಕು, ಸೆಕೆ ಎಂದರೆ ನಲವತ್ತು, ತಡೆಯಲಾಗದ ಸೆಕೆ ಎಂದರೆ ನಲವತ್ತಾರು. ಎಲ್ಲ ಕೂಡಿಸಿ ಭಾಗಿಸಿದರೆ ಬರುವುದೇ ಆ ವಾರ್ಡಿನ ಅಂದಿನ ಹವೆ. ಅದು ನಲವತ್ತು ಮುಟ್ಟಿದರೆ ಸೈರನ್ ಕೂಗುತ್ತದೆ, ಬಿಸಿಲಿನಲ್ಲಿ ದುಡಿಯುವವರೆಲ್ಲ ಕೆಲಸ ನಿಲ್ಲಿಸಬೇಕು, ವಾರ್ಡಿನ ನೆರಳುಮನೆಯ ಬಾಗಿಲು ತೆರೆಯಬೇಕು. ನೆರಳುಮನೆಯಲ್ಲಿ ಒದ್ದೆ ಗೋಣಿಯ ಪರದೆ, ಆಳೆತ್ತರದ ಫ್ಯಾನು, ತಣ್ಣೀರಿನ ಡ್ರಮ್ಮು, ಒಬ್ಬರು ನರ್ಸು ಇರುತ್ತಾರೆ.

ಥರ್ಮಾಮೀಟರಿಗೂ ಅನ್ಯಾಯ ಮಾಡಲಿಲ್ಲ. ಇಷ್ಟು ವರ್ಷ ದುಡಿದಿದೆ, ಪಾಪ, ಅದಕ್ಕೂ ಒಂದು ಮತ ಇರಲಿ ಎಂದು ಬಿಟ್ಟರು. ಬಿಸಿಲಿನಲ್ಲಿ ಹಾಳಾಗುವುದು ಬೇಡವೆಂದು ಅದನ್ನು ನಮ್ಮ ಮೇಲಧಿಕಾರಿಯ ಕೋಣೆಯಲ್ಲಿ ನೇತುಹಾಕಿದ್ದಾರೆ. ಆ ಕೋಣೆಗೆ ತಂಪು ಗಾಳಿಯ ಯಂತ್ರ ಇದೆ. ಹತ್ತೊಂಬತ್ತು ವರ್ಷದಿಂದ ಥರ್ಮಾಮೀಟರಿನ ಅಭಿಪ್ರಾಯ ‘ಹಿತವಾಗಿದೆ’.

ಮೇಲಧಿಕಾರಿಯನ್ನು ನಾವು ಸರಾಸರಿ ಸಾಹೇಬರು ಎನ್ನುತ್ತೇವೆ. ಕೆಟ್ಟವರಲ್ಲ. ಒಳ್ಳೆಯವರೂ ಅಲ್ಲ. ಎರಡನ್ನೂ ಕೂಡಿಸಿ ಭಾಗಿಸಿದ ಹಾಗಿದ್ದಾರೆ. ಕೆಲಸಕ್ಕೆ ಸೇರಿದ ದಿನ ಅವರು ನನ್ನ ಕೈಗೆ ನಿಯಮದ ಪುಸ್ತಕ ಕೊಟ್ಟು, “ನೋಡಿ, ನಿಮ್ಮ ಮುಖದಲ್ಲಿ ಅಭಿಪ್ರಾಯ ಇರಬಾರದು” ಅಂದಿದ್ದರು. ಪ್ರಶ್ನೆಯನ್ನು ಬರೆದ ಹಾಗೇ ಓದಬೇಕು. ಉತ್ತರ ಕೇಳಿ ಹುಬ್ಬು ಏರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಕೊಡುವವರ ಎದುರು ಬೆವರು ಒರೆಸಿಕೊಳ್ಳಬಾರದು. ಒರೆಸಿಕೊಂಡರೆ ಉತ್ತರ ಹೇಳಿಕೊಟ್ಟಂತೆ. ಬೆವರು ಕಣ್ಣಿಗೆ ಇಳಿದು ಉರಿದರೂ ನಾನು ಇದುವರೆಗೆ ಒರೆಸಿಕೊಂಡವಳಲ್ಲ. ಒಬ್ಬರ ಉತ್ತರವನ್ನೂ ತಿದ್ದಿದವಳಲ್ಲ. ಮದುವೆ ಮಕ್ಕಳು ಅಂತ ಹೇಳಿಕೊಳ್ಳಲು ನನಗೇನಿಲ್ಲ, ಈ ಒಂದು ಜಂಬ ಇದೆ.

ನಾನಿರುವುದು ಅಣ್ಣ ಅತ್ತಿಗೆಯ ಜೊತೆ. ನಮ್ಮ ರಸ್ತೆಯ ನಡುವೆ ಒಂದು ಬಿಳಿ ಗೆರೆ ಇದೆ. ಗೆರೆಯ ಎಡಕ್ಕೆ ಒಂದು ವಾರ್ಡು, ಬಲಕ್ಕೆ ಇನ್ನೊಂದು. ಬಲಭಾಗದಲ್ಲಿ ದಿನಾ ನಲವತ್ತರ ಮೇಲೆ. ಎಡಭಾಗದಲ್ಲಿ, ಅಂದರೆ ನಮ್ಮ ಕಡೆ, ಮೂವತ್ತೊಂದು ದಾಟಿದ್ದೇ ಇಲ್ಲ. ನಡುವೆ ಇರುವುದು ಹದಿನಾಲ್ಕು ಹೆಜ್ಜೆ. ಇದಕ್ಕೆ ಕಾರಣ ಕೇಳಿದರೆ ನಮ್ಮ ಕಡೆಯವರು, “ನಮ್ಮ ಕಡೆ ಮರಗಳಿವೆಯಲ್ಲ” ಅನ್ನುತ್ತಾರೆ. ಮರಗಳಿದ್ದವು. ರಸ್ತೆ ಅಗಲ ಮಾಡುವಾಗ ಕಡಿದು ಎಂಟು ವರ್ಷವಾಯಿತು. ಆದರೆ ನಮ್ಮದು ತಂಪು ರಸ್ತೆ ಎಂಬ ಹೆಸರನ್ನು ಕಡಿಯುವ ಗರಗಸ ಇನ್ನೂ ಬಂದಿಲ್ಲ. ಬಲಭಾಗದವರು ಸೆಕೆ ಅನ್ನುವುದು ಸೆಕೆಗೋ, ನಮ್ಮವರು ಇಲ್ಲ ಅನ್ನುತ್ತಾರೆ ಎಂಬ ಹೊಟ್ಟೆಯುರಿಗೋ, ನನಗೆ ಗೊತ್ತಿಲ್ಲ. ನನ್ನ ಮುಖದಲ್ಲಿ ಅಭಿಪ್ರಾಯ ಇಲ್ಲ.

ಅಣ್ಣ ತಾರಸಿ ಸೋರದ ಹಾಗೆ ಡಾಂಬರು ಹಾಕುವವನು. ಕುದಿಯುವ ಡಾಂಬರನ್ನು ಬಕೆಟ್ಟಿನಲ್ಲಿ ತಂದು ಸುರಿದು, ಉದ್ದ ಕೋಲಿನ ಬ್ರಷ್ಷಿನಲ್ಲಿ ಎಳೆದು, ಮೇಲೆ ಹಾಳೆ ಹಾಸುವ ಕೆಲಸ. ಈ ಸಲ ಅವನಿಗೆ ಸಿಕ್ಕಿದ್ದು ನಮ್ಮ ಹವಾಮಾನ ಕಚೇರಿಯದೇ ತಾರಸಿ. ಕಚೇರಿ ಇರುವುದು ಎಡಭಾಗದಲ್ಲಿ, ಅಂದರೆ ತಂಪಿನಲ್ಲಿ. ಸರಾಸರಿ ಸಾಹೇಬರ ತಂಪು ಯಂತ್ರ ಒಳಗಿನ ಬಿಸಿಯನ್ನೆಲ್ಲ ಹೀರಿ ತಾರಸಿಯ ಮೇಲೆ, ಸರಿಯಾಗಿ ಅಣ್ಣನ ಮೊಣಕಾಲಿಗೆ ಊದುತ್ತದೆ. ಕೆಲಸ ನಿಲ್ಲಿಸುವ ಹಾಗಿಲ್ಲ, ಯಾಕೆಂದರೆ ಎಡಭಾಗದಲ್ಲಿ ಸೈರನ್ ಕೂಗುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೂಗಿಲ್ಲ.

ನಮ್ಮ ಮನೆಯೂ ಇಪ್ಪತ್ತೈದರಲ್ಲಿ ಒಂದು. ಉತ್ತರ ಕೊಡಬೇಕಾದವನು ಮನೆಯ ಯಜಮಾನ. ದಿನಾ ಬೆಳಿಗ್ಗೆ ಅಣ್ಣ ಡಬ್ಬಿ ಕಟ್ಟಿಕೊಂಡು ಹೊರಡುವಾಗ ನಾನು ಫಾರಂ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ಸಂಬಂಧಿಕರನ್ನು ಬಹುವಚನದಲ್ಲಿ ಕೇಳತಕ್ಕದ್ದು ಎಂದು ನಿಯಮವಿದೆ.

“ತಮ್ಮ ಅಭಿಪ್ರಾಯದಲ್ಲಿ ತಮ್ಮ ವಾರ್ಡಿನ ಹವೆ ಹೇಗಿದೆ?”

“ಪರವಾಗಿಲ್ಲ,” ಅನ್ನುತ್ತಾನೆ ಅಣ್ಣ.

ಅವನು ಹುಟ್ಟಿದಾಗಿನಿಂದ ಹಾಗೇ. ಚಿಕ್ಕವನಿದ್ದಾಗ ಗೋಡೆಯಿಂದ ಬಿದ್ದು ಕೈ ಮುರಿದು ಮೂಳೆ ಹೊರಗೆ ಕಾಣುತ್ತಿತ್ತು, ಅಮ್ಮ ಅಳುತ್ತ ಓಡಿಬಂದರೆ, “ಪರವಾಗಿಲ್ಲ ಬಿಡಮ್ಮ, ಇನ್ನೊಂದಿದೆಯಲ್ಲ” ಅಂದಿದ್ದ. ಆ ಒಂದು ಮಾತಿನಿಂದ ನಮ್ಮನ್ನೆಲ್ಲ ಸಾಕಿದ. ಈಗ ಆ ಮಾತು ಕಚೇರಿಯ ಲೆಕ್ಕದಲ್ಲಿ ಮೂವತ್ತನಾಲ್ಕು ಡಿಗ್ರಿ.

ಹೋದ ವಾರ ಅವನು ಕೆಲಸದಿಂದ ಬಂದವನೇ ಅಂಗಿ ಬಿಚ್ಚಿ, ಗೋಡೆಯಲ್ಲಿ ಮೊಳೆಯೇ ಇಲ್ಲದ ಕಡೆ ನೇತುಹಾಕಿದ. ಅಂಗಿ ಕೆಳಗೆ ಬಿತ್ತು. ಮತ್ತೆ ಎತ್ತಿ ಅಲ್ಲೇ ನೇತುಹಾಕಿದ. ಆಮೇಲೆ ಅತ್ತಿಗೆಯನ್ನು, “ಅಮ್ಮ ಎಲ್ಲಿ, ಕಾಣ್ತಿಲ್ಲ?” ಎಂದು ಕೇಳಿದ. ಅಮ್ಮ ಹೋಗಿ ಹನ್ನೊಂದು ವರ್ಷವಾಗಿದೆ. ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ, ನನ್ನನ್ನು ಪಕ್ಕಕ್ಕೆ ಕರೆದರು.

“ಇದು ಬಿಸಿಲಿನ ಹೊಡೆತ ಅಂತ ನಾನು ಬರೆಯೋಕಾಗಲ್ಲ. ನಿಮ್ಮ ವಾರ್ಡಲ್ಲಿ ಇವತ್ತು ಮೂವತ್ತೊಂದು, ನೀವೇ ಬರೆದಿದ್ದೀರಿ. ಆದ್ರೆ ಬಾಯಲ್ಲಿ ಹೇಳ್ತೀನಿ ಕೇಳಿ. ಇನ್ನೊಂದೆರಡು ಸಲ ಹೀಗಾದ್ರೆ ಮನುಷ್ಯ ಎದ್ದೇಳಲ್ಲ.”

ಚೀಟಿಯಲ್ಲಿ ಕಾಯಿಲೆಯ ಕಾರಣ ಎಂಬ ಕಡೆ ‘ಅತಿಯಾದ ಯೋಚನೆ’ ಎಂದು ಬರೆದರು. ನಮ್ಮಣ್ಣ ಜೀವಮಾನದಲ್ಲಿ ಮಾಡದೇ ಇದ್ದ ಕೆಲಸ ಅಂದರೆ ಅದೊಂದೇ.

ಮಾರನೆಯ ಬೆಳಿಗ್ಗೆ ಅವನು ಮತ್ತೆ ಹೊರಟು ನಿಂತ. ನಾನು ಫಾರಂ ಹಿಡಿದು ನಿಂತೆ. ಕೇಳಿದೆ. ಪರವಾಗಿಲ್ಲ ಅಂದ. ಬರೆದುಕೊಂಡೆ. ಅವನು ಬೀದಿಯ ತಿರುವು ದಾಟಿದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿದರು.

“ನಿನ್ನ ಕೈಯಲ್ಲಿ ಪೆನ್ನಿದೆ. ಫಾರಂನಲ್ಲಿ ಗುರುತನ್ನ ಒಂದೆರಡು ಕಾಲಂ ಆಚೆ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಸುಳ್ಳು ಬರಿ ಅಂತೀರಾ ಅತ್ತಿಗೆ?”

“ಈಗ ಬರೀತಿರೋದೇನು, ನಿಜಾನಾ?”

“ಅವ್ರು ಹೇಳಿದ್ದನ್ನ ಬರೀತೀನಿ.”

“ಹಾಗಿದ್ರೆ ಅವ್ರು ನಿಜ ಹೇಳೋ ಹಾಗೆ ಮಾಡು,” ಅಂದು ಅತ್ತಿಗೆ ಒಳಗೆ ಹೋದರು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು.

ಅವರು ನಿಜ ಹೇಳುವ ಹಾಗೆ ಮಾಡುವುದು ಹೇಗೆ? ಅಂದೂ ಫಾರಂ ಹಿಡಿದು ಮನೆಮನೆಗೆ ಹೋದೆ. ಮೊದಲು ನಿವೃತ್ತ ಮೇಷ್ಟ್ರ ಮನೆ. ಮೇಷ್ಟ್ರು ತಲೆಗೆ ಒದ್ದೆ ಟವೆಲ್ ಸುತ್ತಿ, ಎರಡೂ ಕಾಲು ಬಕೆಟ್ ನೀರಿನಲ್ಲಿ ಇಳಿಬಿಟ್ಟು ಕೂತಿದ್ದರು. ಪ್ರಶ್ನೆ ಓದಿದೆ.

“ಹಿತವಾಗಿದೆ ಕಣಮ್ಮ. ನಮ್ಮ ರಸ್ತೆ ಅಂದ್ರೆ ಏನಂದ್ಕೊಂಡೆ? ಆ ಕಡೆಯವರ ಗತಿ ನೆನೆಸಿಕೊಂಡ್ರೇ ಕರುಳು ಚುರಕ್ ಅನ್ನುತ್ತೆ.”

“ಬಕೆಟ್ಟಲ್ಲಿ ಕಾಲು?” ಎಂದು ಕೇಳುವ ಹಾಗಿಲ್ಲ, ನಿಯಮದಲ್ಲಿ ಇಲ್ಲ. ಮೇಷ್ಟ್ರೇ ನನ್ನ ನೋಟ ಹಿಡಿದು, “ಇದು ಅಭ್ಯಾಸ,” ಅಂದರು.

ಪಕ್ಕದ್ದು ಕ್ಷೌರದಂಗಡಿ. ಅಂಗಡಿಯವನ ಪ್ಲಾಸ್ಟಿಕ್ ಬಾಚಣಿಗೆಗಳು ಕಿಟಕಿಯ ಹತ್ತಿರ ಇಟ್ಟಲ್ಲೇ ಬಿಲ್ಲಿನ ಹಾಗೆ ಬಾಗಿದ್ದವು. ಅವನು ಬಾಗಿದ ಬಾಚಣಿಗೆಯಲ್ಲೇ ಒಬ್ಬರ ತಲೆ ಬಾಚುತ್ತ, “ದುಂಡು ತಲೆಗೆ ಇದೇ ಅನುಕೂಲ,” ಅಂದ. ಉತ್ತರ ಹಿತವಾಗಿದೆ. ಮೂಲೆಮನೆಯ ಅಜ್ಜಿ ಮನೆಯೊಳಗೇ ಕೊಡೆ ಬಿಡಿಸಿಕೊಂಡು, ಖಾಲಿ ನೀರಿನ ತೊಟ್ಟಿಯಲ್ಲಿ ಕೂತಿದ್ದರು. “ನನಗೇನಮ್ಮ, ತಣ್ಣಗಿದ್ದೀನಿ. ನಮ್ಮ ಕಾಲದಲ್ಲಿ ಸೆಕೆ ಅಂದ್ರೆ ಸೆಕೆ. ಈಗಿನದು ಬರೀ ಮಾತು.” ಆ ಮಾತು ಮುಗಿಸಲು ಅವರಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಬೆವರು ನನ್ನ ರೆಪ್ಪೆಯಿಂದ ಫಾರಂ ಮೇಲೆ ತೊಟ್ಟಿಕ್ಕಿ ‘ತಣ್ಣಗಿದೆ’ ಎಂಬುದರ ಮೇಲೆ ಬಿತ್ತು. ಎಡಭಾಗಕ್ಕೆ ಆವತ್ತು ಇಪ್ಪತ್ತೊಂಬತ್ತು ಡಿಗ್ರಿ. ಸರಾಸರಿ ಸಾಹೇಬರು ನೋಡಿ, “ಇಳೀತಾ ಇದೆ, ಒಳ್ಳೇ ಲಕ್ಷಣ,” ಅಂದರು.

ಅವರ ತಲೆಯ ಮೇಲೆ, ತಾರಸಿಯಲ್ಲಿ, ಬ್ರಷ್ಷು ಎಳೆಯುವ ಸದ್ದು ಕೇಳುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ಆ ಸದ್ದು ನಿಂತಿತು. ಊಟಕ್ಕೆ ಇಳಿದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅಣ್ಣನ ಜೊತೆಯವನು, ಡಾಂಬರಿನ ಡ್ರಮ್ಮು ನೋಡಿಕೊಳ್ಳುವುದರಿಂದ ಎಲ್ಲರೂ ಡ್ರಮ್ಮಣ್ಣ ಅನ್ನುವವನು, ಓಡಿಬಂದ.

“ಅಕ್ಕ, ನಿಮ್ಮಣ್ಣ ಕೂತವನು ಏಳ್ತಾ ಇಲ್ಲ. ಕೇಳಿದ್ರೆ ಪರವಾಗಿಲ್ಲ ಅಂತಾನೆ.”

ನಾವು ಅವನನ್ನು ಹೇಗೆ ಇಳಿಸಿದೆವೋ ನೆನಪಿಲ್ಲ. ಅವನ ಚಪ್ಪಲಿ ಮಾತ್ರ ಡಾಂಬರಿಗೆ ಅಂಟಿಕೊಂಡು ಮೇಲೇ ಉಳಿಯಿತು. ಎಡಭಾಗದ ನೆರಳುಮನೆಯ ಬೀಗ ತುಕ್ಕು ಹಿಡಿದು ಬಾಗಿಲಿನ ಜೊತೆ ಒಂದಾಗಿ ಹೋಗಿದೆ. ಬೇರೆ ದಾರಿ ಇರಲಿಲ್ಲ. ಅವನನ್ನು ಎತ್ತಿಕೊಂಡು ಬಿಳಿ ಗೆರೆ ದಾಟಿ, ಹದಿನಾಲ್ಕು ಹೆಜ್ಜೆ ನಡೆದು, ನಲವತ್ತನಾಲ್ಕು ಡಿಗ್ರಿ ಇದ್ದ ಬಲಭಾಗಕ್ಕೆ ತಂಪಿಗಾಗಿ ಕರೆದುಕೊಂಡು ಹೋದೆವು.

ಅಲ್ಲಿಯ ನರ್ಸು ಅವನ ತಲೆಗೆ ನೀರು ಹೊಯ್ದು, ಒದ್ದೆ ಬಟ್ಟೆ ಸುತ್ತಿ, ಫ್ಯಾನಿನ ಮುಂದೆ ಮಲಗಿಸಿದರು. “ಗೆರೆ ದಾಟಿಸಿದ್ದು ಒಳ್ಳೇದಾಯ್ತು,” ಅಂದರು. “ಈ ಕಡೆ ಆಗಿರೋದ್ರಿಂದ ಬಿಸಿಲಿನ ಹೊಡೆತ ಅಂತ್ಲೇ ಬರೀಬಹುದು.” ಸ್ವಲ್ಪ ಹೊತ್ತಿಗೆ ಅಣ್ಣ ಕಣ್ಣು ಬಿಟ್ಟ. ಸುತ್ತ ನೋಡಿದ. ಎಲ್ಲಿದ್ದೇನೆಂದು ಅರ್ಥವಾಗಿ ಗಾಬರಿಯಾದ.

“ಇಲ್ಲಿಗ್ಯಾಕೆ ಕರ್ಕೊಂಡು ಬಂದೆ? ಇಲ್ಲಿ ವಿಪರೀತ ಸೆಕೆ ಅಂತಾರಲ್ಲ. ನಮ್ಮ ಕಡೆಗೇ ಕರ್ಕೊಂಡು ಹೋಗು.”

ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆದುಕೊಂಡೆ. ನರ್ಸು ಅವನನ್ನು ಈಗ ಹೇಗಿದೆ ಎಂದು ಕೇಳಿದರು.

“ನನಗೇನಿಲ್ಲ ಸಿಸ್ಟರ್. ನಮ್ಮ ತಂಗೀನ ಸ್ವಲ್ಪ ನೋಡಿ. ಈ ಬಿಸಿಲಲ್ಲಿ ಮನೆಮನೆ ತಿರುಗ್ತಾಳೆ. ಮುಖ ನೋಡಿ, ಸುಟ್ಟ ಬದನೆಕಾಯಿ ಆಗಿದೆ. ಅವಳಿಗೆ ತಡೆಯೋಕೇ ಆಗ್ತಿಲ್ಲ, ಬಾಯಿಬಿಟ್ಟು ಹೇಳಲ್ಲ ಅಷ್ಟೆ.”

ತಡೆಯೋಕೇ ಆಗ್ತಿಲ್ಲ. ನಲವತ್ತಾರು ಡಿಗ್ರಿ. ಅಣ್ಣನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು, ಅದೂ ನನ್ನ ವಿಷಯಕ್ಕೆ.

ಆಗಲೇ ಗೋಣಿ ಪರದೆಯ ಆಚೆಯಿಂದ ಪರಿಚಯದ ಕೆಮ್ಮು ಕೇಳಿತು. ಸರಿಸಿ ನೋಡಿದರೆ ನಮ್ಮ ಮೇಷ್ಟ್ರು. ಅವರ ಪಕ್ಕದಲ್ಲಿ ಕ್ಷೌರದವನು. ಆಚೆಗೆ ತೊಟ್ಟಿಯ ಅಜ್ಜಿ. ಸಾಲಾಗಿ ಬೆಂಚುಗಳ ಮೇಲೆ ನಮ್ಮ ಎಡಭಾಗದ ಉಳಿದ ಇಪ್ಪತ್ತನಾಲ್ಕು ಮನೆಯ ಮುಖಗಳೂ ಇದ್ದವು. ಎಲ್ಲರ ಕೈಯಲ್ಲೂ ತಣ್ಣೀರಿನ ಲೋಟ.

“ನಾವು ಇವರಿಗೆ ಸಮಾಧಾನ ಹೇಳೋಕೆ ಬಂದಿದ್ದು,” ಅಂದರು ಮೇಷ್ಟ್ರು. “ದಿನಾ ಬರ್ತೀವಿ. ಕಷ್ಟದಲ್ಲಿ ಇರೋರನ್ನ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ, ನಾಲ್ಕು ಗಂಟೆವರೆಗೂ ಇರ್ತೀವಿ.”

ಬಲಭಾಗದ ಲೆಕ್ಕ ಕಚೇರಿಯ ಬೇರೊಬ್ಬರದು, ಹತ್ತು ಗಂಟೆಗೇ ಮುಗಿದು ಸೈರನ್ ಆಗುತ್ತದೆ. ನಮ್ಮ ಕಡೆಯ ಲೆಕ್ಕ ಹನ್ನೆರಡಕ್ಕೆ. ನಾನು ಒಂಬತ್ತಕ್ಕೆ ಹೊರಟು ಹತ್ತೂವರೆಗೆ ಮನೆಗಳನ್ನು ಮುಗಿಸುತ್ತಿದ್ದೆ. ನನಗೆ ಹಿತವಾಗಿದೆ ಎಂದು ಹೇಳಿ ಕಳಿಸಿದ ಮೇಲೆ ಇವರೆಲ್ಲ ಬಾಗಿಲಿಗೆ ಬೀಗ ಹಾಕಿ ಸಮಾಧಾನ ಹೇಳಲು ಬರುತ್ತಿದ್ದರು. ಇಷ್ಟು ವರ್ಷ ನನಗಿದು ಗೊತ್ತೇ ಇರಲಿಲ್ಲ ಎಂಬುದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅಂದು ಸಂಜೆ ಅಣ್ಣನನ್ನು ಮನೆಯಲ್ಲಿ ಮಲಗಿಸಿ ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಓದಿದೆ. ಹದಿನಾಲ್ಕನೆಯ ನಿಯಮ ಹೀಗಿತ್ತು: ‘ಉತ್ತರ ಕೊಡಬೇಕಾದವರು ಮನೆಯಲ್ಲಿ ಸಿಗದಿದ್ದಲ್ಲಿ, ಅವರನ್ನು ಬಲ್ಲ ಮನೆಯವರು ಅಥವಾ ನೆರೆಯವರು ಅವರ ಪರವಾಗಿ ಉತ್ತರಿಸಬಹುದು.’ ಈ ನಿಯಮವನ್ನು ನಾನು ಎಂದೂ ಬಳಸಿರಲಿಲ್ಲ. ನಮ್ಮವರು ಯಾವಾಗಲೂ ಸಿಗುತ್ತಿದ್ದರು.

ಬೆಳಿಗ್ಗೆ ಎದ್ದರೆ ಅಣ್ಣ ಆಗಲೇ ಡಬ್ಬಿ ಕಟ್ಟುತ್ತಿದ್ದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಿದ್ದರು.

“ಒಂದು ಮೂಲೆ ಉಳಿದಿದೆ ಕಣೆ. ಅರ್ಧಕ್ಕೆ ಬಿಟ್ರೆ ಆ ಸಾಹೇಬರ ತಲೆ ಮೇಲೇ ಸೋರುತ್ತೆ,” ಅಂದ ಅಣ್ಣ.

“ಸೋರಲಿ,” ಅಂದರು ಅತ್ತಿಗೆ.

“ಚಪ್ಪಲೀನೂ ಅಲ್ಲೇ ಇದೆ,” ಅಂದು ಅವರ ಕೈಕೆಳಗಿಂದ ನುಸುಳಿದ. ಹೊಸ್ತಿಲಲ್ಲಿ ನಿಂತು ನನ್ನ ಪ್ರಶ್ನೆಗೆ ಕಾದ. ನಾನು ತಲೆ ಬಾಚಿಕೊಳ್ಳುತ್ತಲೇ ಇದ್ದೆ. “ಇವತ್ತು ಕೇಳಲ್ವಾ?” ಅಂದ. ಆಮೇಲೆ ಕೇಳುತ್ತೇನೆ ಅಂದೆ. ಹೋದ. ಅತ್ತಿಗೆ ನನ್ನನ್ನು ನುಂಗುವ ಹಾಗೆ ನೋಡಿದರು.

“ಅತ್ತಿಗೆ, ಹತ್ತೂವರೆಗೆ ಮನೆಗೆ ಬೀಗ ಹಾಕಿ ಆ ಕಡೆ ನೆರಳುಮನೆಗೆ ಬನ್ನಿ. ಯಾಕೆ ಅಂತ ಕೇಳ್ಬೇಡಿ.”

ಒಂಬತ್ತರ ಬದಲು ಹನ್ನೊಂದಕ್ಕೆ ಸರಿಯಾಗಿ ನಾನು ಮನೆಮನೆ ಹೊರಟೆ. ನನ್ನನ್ನು ಕಾದು ಸಾಕಾಗಿ ಎಲ್ಲರೂ ಆಗಲೇ ಗೆರೆ ದಾಟಿದ್ದರು. ಮೇಷ್ಟ್ರ ಮನೆಗೆ ಬೀಗ. ಕ್ಷೌರದಂಗಡಿಗೆ ಬೀಗ. ಅಜ್ಜಿಯ ಮನೆಗೆ ಎರಡು ಬೀಗ. ನಿಯಮದ ಪ್ರಕಾರ ಒಂದೊಂದು ಬಾಗಿಲನ್ನೂ ಮೂರು ಸಲ ತಟ್ಟಿ, ‘ಮನೆಯಲ್ಲಿ ಸಿಗಲಿಲ್ಲ’ ಎಂದು ಬರೆದುಕೊಂಡೆ. ನಮ್ಮ ಮನೆಯ ಬಾಗಿಲನ್ನೂ ಮೂರು ಸಲ ತಟ್ಟಿದೆ. ಕಚೇರಿಯ ತಾರಸಿಯ ಮೇಲೆ ಒಂದು ಬಗ್ಗಿದ ಬೆನ್ನು ಕಾಣುತ್ತಿತ್ತು. ನಡಿಗೆ ಜೋರು ಮಾಡಿದೆ. ಹನ್ನೊಂದೂವರೆಗೆ ಗೆರೆ ದಾಟಿ ನೆರಳುಮನೆ ಹೊಕ್ಕು, ಕ್ಷೌರದವನ ಮುಂದೆ ನಿಂತೆ.

“ನಿಮ್ಮ ನೆರೆಯ ಮೇಷ್ಟ್ರು ಮನೆಯಲ್ಲಿ ಸಿಗಲಿಲ್ಲ. ನೀವು ಅವರನ್ನ ಬಲ್ಲಿರಾ?”

ಕ್ಷೌರದವನು ಪಕ್ಕದಲ್ಲೇ ಕೂತಿದ್ದ ಮೇಷ್ಟ್ರನ್ನು ನೋಡಿ, “ಬಲ್ಲೆ,” ಅಂದ.

“ಅವರ ಪರವಾಗಿ ಹೇಳಿ. ಅವರ ಅಭಿಪ್ರಾಯದಲ್ಲಿ ತಮ್ಮ ವಾರ್ಡಿನ ಹವೆ ಹೇಗಿದೆ?”

“ಇವರಿಗಾ? ಬೆಳಿಗ್ಗೆಯಿಂದ ಸಂಜೆವರೆಗೂ ಬಕೆಟ್ಟಲ್ಲೇ ಸಂಸಾರ. ಕೂದಲು ಕತ್ತರಿಸೋಕೆ ಬಂದಾಗಲೂ ಬಕೆಟ್ ತರ್ತಾರೆ. ತಡೆಯೋಕಾಗ್ತಿಲ್ಲ ಇವರಿಗೆ. ಬರ್ಕೊಳ್ಳಿ.”

ಮೇಷ್ಟ್ರು ಲೋಟ ಕೆಳಗಿಟ್ಟರು. “ನಾನು ಇಲ್ಲೇ ಇದ್ದೀನಲ್ಲಯ್ಯ.”

“ನೀವು ಮನೆಯಲ್ಲಿ ಇಲ್ಲ ಮೇಷ್ಟ್ರೇ,” ಅಂದೆ. “ಮೂರು ಸಲ ತಟ್ಟಿದ್ದೀನಿ. ಹದಿನಾಲ್ಕನೇ ನಿಯಮ.”

ಮೇಷ್ಟ್ರಿಗೆ ನಿಯಮ ಎಂದರೆ ಗೌರವ. ಒಂದು ಕ್ಷಣ ಯೋಚಿಸಿ, “ಹಾಗಾದ್ರೆ ಇವನೂ ಅಂಗಡಿಯಲ್ಲಿ ಇರಲಿಲ್ಲ ಅನ್ನು,” ಅಂದರು.

“ಇರಲಿಲ್ಲ.”

“ಬರ್ಕೋ ಮತ್ತೆ. ಇವನ ಬಾಚಣಿಗೆಗಳು ಬೆಂದುಹೋಗಿವೆ. ಕತ್ತರಿ ಬಿಸಿಯಾಗಿ ಹೋದ ತಿಂಗಳು ನನ್ನ ಕಿವಿ ಸುಟ್ಟ. ತಡೆಯಲಾಗದ ಸೆಕೆ.”

ಅಜ್ಜಿ ತಾವಾಗಿಯೇ ಕೈ ಎತ್ತಿದರು. ತಮ್ಮ ವಿಷಯವನ್ನಲ್ಲ, ಎದುರುಮನೆ ಸೊಸೆಯ ವಿಷಯ ಹೇಳಬೇಕಂತೆ. ಆ ಸೊಸೆ ಅಜ್ಜಿಯ ತೊಟ್ಟಿಯ ಕಥೆಯನ್ನು ಊರೆಲ್ಲ ಕೇಳುವ ಹಾಗೆ ಹೇಳಿದಳು. ಅಲ್ಲಿಂದ ಮುಂದೆ ನಾನು ಪ್ರಶ್ನೆ ಓದಬೇಕಾಗಿಯೇ ಬರಲಿಲ್ಲ, ಓದಿದೆ, ನಿಯಮಕ್ಕೆ. ಒಬ್ಬರ ಸೆಕೆಯನ್ನು ಒಬ್ಬರು ಇಷ್ಟು ಚೆನ್ನಾಗಿ ಬಲ್ಲರೆಂದು ನಾನೆಣಿಸಿರಲಿಲ್ಲ. ಯಾರು ಸ್ನಾನದ ಮನೆಯಲ್ಲಿ ನಿದ್ದೆ ಮಾಡುತ್ತಾರೆ, ಯಾರು ಮಗುವನ್ನು ಒದ್ದೆ ನೆಲದ ಮೇಲೆ ಮಲಗಿಸುತ್ತಾರೆ, ಎಲ್ಲ ಗೊತ್ತಿತ್ತು. ಇಪ್ಪತ್ತನಾಲ್ಕು ಮನೆಗೂ ನಲವತ್ತಾರು ಬಿತ್ತು. ಬಲಭಾಗದವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ತಮಗೇ ನಲವತ್ತನಾಲ್ಕು, ಇವರಿಗೆ ಹೆಚ್ಚಾಯಿತಲ್ಲ ಎಂದು ಅವರಿಗೆ ಕಸಿವಿಸಿ.

ಉಳಿದಿದ್ದು ಒಂದು ಮನೆ. ಅತ್ತಿಗೆ ಕೊನೆಯ ಬೆಂಚಿನಲ್ಲಿ ಕೂತಿದ್ದರು.

“ಮನೆಯ ಯಜಮಾನರು ಸಿಗಲಿಲ್ಲ. ತಾವು ಅವರನ್ನ ಬಲ್ಲಿರಾ?”

ಅತ್ತಿಗೆಯ ಕಣ್ಣು ತುಂಬಿಬಂತು. “ಇಪ್ಪತ್ತಾರು ವರ್ಷದಿಂದ,” ಅಂದರು. “ತಡೆಯಲಾಗದ ಸೆಕೆ ಅವರಿಗೆ. ಅದಕ್ಕಿಂತ ಮೇಲೆ ಇನ್ನೊಂದು ಉತ್ತರ ಇದ್ರೆ ಅದನ್ನ ಹಾಕು.”

ಇನ್ನೊಂದು ಇರಲಿಲ್ಲ. ಇದ್ದಿದ್ದರೆ ಹಾಕುತ್ತಿದ್ದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫಾರಂಗಳನ್ನು ಸರಾಸರಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ತಿರುಗಿಸಿದರು.

“ಇಪ್ಪತ್ತೈದಕ್ಕೆ ಇಪ್ಪತ್ತೈದೂ ಬೇರೆಯವರ ಬಾಯಲ್ಲಿ?”

“ಹದಿನಾಲ್ಕನೇ ನಿಯಮ ಸಾರ್. ಒಬ್ಬರೂ ಮನೆಯಲ್ಲಿ ಸಿಗಲಿಲ್ಲ.”

ಅವರು ಬಹಳ ಹೊತ್ತು ನಿಯಮದ ಪುಸ್ತಕ ನೋಡಿದರು. ತಪ್ಪು ಸಿಗಲಿಲ್ಲ. ಗೋಡೆಯ ಕಡೆ ತಿರುಗಿ ಥರ್ಮಾಮೀಟರಿನ ಮತ ತೆಗೆದುಕೊಂಡರು. ಅದು ಎಂದಿನಂತೆ ಹಿತವಾಗಿದೆ ಅಂದಿತು. ಅದನ್ನೂ ಸೇರಿಸಿ ಭಾಗಿಸಿದರು. ನಲವತ್ತೈದು ದಶಮಾಂಶ ಮೂರು. ಸಾಹೇಬರು ಕರವಸ್ತ್ರ ತೆಗೆದು ಹಣೆ ಒತ್ತಿಕೊಂಡರು. ಅಷ್ಟು ತಂಪಿನ ಕೋಣೆಯಲ್ಲಿ ಅವರಿಗೆ ಬೆವರು ಎಲ್ಲಿಂದ ಬಂತೋ ದೇವರೇ ಬಲ್ಲ.

“ಎಡಭಾಗದ ಸೈರನ್ ಕೆಲಸ ಮಾಡುತ್ತಾ?” ಎಂದು ಅವರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗುಂಡಿ ಒತ್ತಿದರು. ಮೊದಲು ಒಂದಿಷ್ಟು ಗುಬ್ಬಚ್ಚಿ ಗೂಡಿನ ಹುಲ್ಲು ಉದುರಿತು. ಆಮೇಲೆ ಅದು ಕೂಗಿತು.

ನಾನು ಏಣಿಯ ಹತ್ತಿರ ಓಡಿದೆ. ಡ್ರಮ್ಮಣ್ಣ ಕೆಳಗೆ ಒಲೆ ಆರಿಸುತ್ತಿದ್ದ. ಅಣ್ಣ ಇಳಿದಿರಲಿಲ್ಲ. ಹತ್ತಿ ನೋಡಿದರೆ ಅವನು ಉಳಿದ ಮೂಲೆಯಲ್ಲಿ ಬ್ರಷ್ಷು ಎಳೆಯುತ್ತಲೇ ಇದ್ದ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

“ಅಣ್ಣ, ಸೈರನ್ ಆಯ್ತು. ಇಳಿ.”

“ಅದು ಆ ಕಡೇದು.”

“ನಮ್ಮ ಕಡೇದು.”

“ನಮ್ಮ ಕಡೆ ಯಾಕೆ ಕೂಗುತ್ತೆ? ಯಾರಿಗೆ ಸೆಕೆ ಆಗಿದೆ ಇಲ್ಲಿ?”

“ಎಲ್ಲರಿಗೂ ಆಗಿದೆ. ನಿನಗೂ ಆಗಿದೆ, ಅತ್ತಿಗೆ ಹೇಳಿದ್ದಾರೆ.”

“ಅವಳಿಗೇನು ಗೊತ್ತು? ನನಗೆ ಪರವಾಗಿಲ್ಲ.” ಬ್ರಷ್ಷು ಮತ್ತೆ ಎಳೆದ. “ಇನ್ನು ಎರಡು ಮೊಳ ಇದೆ. ಮುಗಿಸಿ ಬರ್ತೀನಿ.”

ಸೈರನ್ ಕೂಗುತ್ತಲೇ ಇತ್ತು. ಇಪ್ಪತ್ತೈದು ಮನೆಯ ಬಾಯಿ ಬಿಡಿಸಿದವಳಿಗೆ ಒಬ್ಬ ಅಣ್ಣನನ್ನು ಇಳಿಸಲು ಗೊತ್ತಾಗಲಿಲ್ಲ. ನಿಯಮದ ಪುಸ್ತಕದಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ. ಭಯವಾಯಿತು. ತಂಪು ಯಂತ್ರದ ಬಿಸಿ ಗಾಳಿ ನನ್ನ ಮುಖಕ್ಕೂ ಹೊಡೆಯುತ್ತಿತ್ತು, ಬೆವರು ಕಣ್ಣಿಗೆ ಇಳಿದು ಏನೂ ಕಾಣದಂತಾಯಿತು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಉತ್ತರ ಕೊಡುವವನ ಎದುರಿಗೇ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ.

ಅಣ್ಣ ಬ್ರಷ್ಷು ನಿಲ್ಲಿಸಿದ.

“ಏನೇ, ನಿನಗೆ ಸೆಕೆ ಆಗ್ತಿದ್ಯಾ?”

ನಾನು ಸಾವಿರ ಸಾವಿರ ಸಲ ಕೇಳಿದ ಪ್ರಶ್ನೆ. ನನ್ನನ್ನು ಯಾರೂ ಕೇಳಿದ್ದಿಲ್ಲ. ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದೆ.

“ಪರವಾಗಿಲ್ಲ,” ಅಂದೆ.

ಅವನು ನನ್ನನ್ನೇ ನೋಡಿದ. ಬಿಸಿಲ ಕಡೆ ನೋಡಿದ. ಬ್ರಷ್ಷನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟ.

“ಸುಳ್ಳು ಬೊಗಳ್ಬೇಡ,” ಅಂದ. “ಸಾಯ್ತಿದ್ದೀಯ ಸೆಕೇಲಿ. ನಡಿ ಕೆಳಗೆ.”

ಡಾಂಬರಿನಿಂದ ಚಪ್ಪಲಿ ಕಿತ್ತು ನನ್ನ ಕೈಗೆ ಕೊಟ್ಟು, ತಾನು ಮೊದಲು ಇಳಿದು, ನಾನು ಬೀಳದ ಹಾಗೆ ಕೆಳಗಿನಿಂದ ಏಣಿ ಹಿಡಿದುಕೊಂಡ.